ಈಜುವ ತೋಳಿನ ಚರಿತ್ರೆ

ಈಜಿದರೆ ಮೈಯ ಎಲ್ಲ ಸ್ನಾಯುಗಳಿಗೂ ಕೆಲಸ ಸಿಗುತ್ತದೆ ಎಂಬ ಮಾತು ವೈದ್ಯರಿಂದ ಹಿಡಿದು ಈಜುಕೊಳದ ತರಬೇತುದಾರರ ತನಕ ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳಲ್ಲ. ಆದರೆ ಅದು ಅರ್ಧವನ್ನು ಹೇಳಿ ಅರ್ಧವನ್ನು ಬಿಡುತ್ತದೆ. ನೀರಿಗಿಳಿದವನ ಯಾವ ಸ್ನಾಯು ಎಷ್ಟು ದುಡಿಯುತ್ತದೆ ಎಂಬುದು ಅವನು ಈಜುವ ಬಗೆಯನ್ನು ಅವಲಂಬಿಸಿದೆ. ಆ ಬಗೆಯನ್ನು ಅವನಿಗೆ ಯಾರು ಕಲಿಸಿದರು, ಯಾವ ಉದ್ದೇಶಕ್ಕೆ ಕಲಿಸಿದರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ನಾಯಿಗೆ, ಎಮ್ಮೆಗೆ, ಆನೆಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಮನುಷ್ಯ ಕಲಿಯಬೇಕು. ಕಲಿತು ಬಂದ ವಿದ್ಯೆಗೆಲ್ಲ ಒಂದು ಚರಿತ್ರೆ ಇರುವುದರಿಂದ ಈಜುವ ಸ್ನಾಯುಗಳಿಗೂ ಒಂದು ಚರಿತ್ರೆ ಇದೆ. ಇಂದು ಫ್ರೀಸ್ಟೈಲ್ ಎಂದು ನಾವು ಕರೆಯುವ, ಒಂದಾದ ಮೇಲೊಂದು ತೋಳನ್ನು ಮುಂದಕ್ಕೆಸೆದು ನೀರನ್ನು ಹಿಂದಕ್ಕೆ ಸೆಳೆಯುವ ಈಜಿನಲ್ಲಿ ಬೆನ್ನು ಮತ್ತು ಎದೆಯ ದೊಡ್ಡ ಸ್ನಾಯುಗಳೇ ಯಜಮಾನರು. ಆ ಸ್ನಾಯುಗಳನ್ನು ಹೀಗೆ ದುಡಿಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರು ವಿಜ್ಞಾನಿಗಳಲ್ಲ, ಯೂರೋಪಿನ ಈಜುಶಾಲೆಗಳ ಗುರುಗಳೂ ಅಲ್ಲ. ಮಿಸೌರಿ ನದಿಯ ದಂಡೆಯವರು, ಪಶ್ಚಿಮ ಆಫ್ರಿಕದ ಕರಾವಳಿಯವರು, ಪೆಸಿಫಿಕ್ ದ್ವೀಪಗಳವರು ಅದನ್ನು ಬಲ್ಲವರಾಗಿದ್ದರು. ಯೂರೋಪು ಅದನ್ನು ಕಣ್ಣಾರೆ ಕಂಡಿತು, ಕಂಡದ್ದನ್ನು ಬರೆದೂ ಇಟ್ಟಿತು. ಆದರೂ ಸುಮಾರು ಮುನ್ನೂರು ವರ್ಷ ಕೈಗೆತ್ತಿಕೊಳ್ಳಲಿಲ್ಲ ಎಂಬುದು ನನ್ನ ವಾದ.

ವಾದಕ್ಕೆ ಮೊದಲು ಮೈ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ಮುಂದೆ ಸಾಗುವವನನ್ನು ತಡೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಹಾಗಾಗಿ ಈಜುಗಾರನ ಮುಂದೆ ಎರಡು ಕೆಲಸಗಳಿವೆ: ಹಿಂದಕ್ಕೆ ಒತ್ತಲು ಸಾಕಷ್ಟು ನೀರನ್ನು ಹಿಡಿಯಬೇಕು, ತನ್ನ ಮೈ ಮಾತ್ರ ನೀರಿಗೆ ಆದಷ್ಟು ಕಡಿಮೆ ಅಡ್ಡವಾಗಬೇಕು. ಫ್ರೀಸ್ಟೈಲ್‌ನಲ್ಲಿ ಕೈ ಮುಂದೆ ಚಾಚಿ ನೀರಿಗಿಳಿಯುತ್ತದೆ, ಮೊಣಕೈ ಮೇಲೆಯೇ ಉಳಿದು ಅಂಗೈಯೂ ಮುಂಗೈಯೂ ಒಂದೇ ಹುಟ್ಟಿನ ಹಲಗೆಯಂತೆ ಹಿಂದಕ್ಕೆ ತಿರುಗುತ್ತವೆ. ಆ ಹಲಗೆಯನ್ನು ಎಳೆಯುವ ಕೆಲಸವನ್ನು ಮೊದಲು ಎದೆಯ ದೊಡ್ಡ ಸ್ನಾಯುವಾದ ಪೆಕ್ಟೊರಾಲಿಸ್ ಮೇಜರ್, ಮುಂದೆ ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸೈ ಹೊತ್ತುಕೊಳ್ಳುತ್ತವೆ. ಈ ಎರಡನೆಯದರ ಹಬ್ಬುಗೆಯನ್ನು ಗಮನಿಸಬೇಕು: ಟೊಂಕದ ಅಂಚಿನಿಂದ, ಬೆನ್ನೆಲುಬಿನ ಕೆಳಭಾಗದಿಂದ ಹೊರಟು ಬೀಸಣಿಗೆಯಂತೆ ಕೂಡಿಬಂದು ಕಂಕುಳ ಬಳಿ ರಟ್ಟೆಯ ಎಲುಬಿಗೆ ಸೇರುತ್ತದೆ. ಟೊಂಕವನ್ನೂ ತೋಳನ್ನೂ ಬೆಸೆಯುವ ಸ್ನಾಯು ಅದು. ಮೈ ಎಡಕ್ಕೂ ಬಲಕ್ಕೂ ಹೊರಳುತ್ತ ಸಾಗಿದಾಗ ಹೊಟ್ಟೆಯ ಪಕ್ಕದ ಓರೆ ಸ್ನಾಯುಗಳ ಬಲವೂ ತೋಳಿಗೆ ಸೇರಿಬರುತ್ತದೆ. ತೋಳು ಹಿಂದೆ ಸರಿದು ಮುಗಿಸುವಾಗ ರಟ್ಟೆಯ ಹಿಂಬದಿ, ನೀರಿನಿಂದೆದ್ದು ಮುಂದೆ ಬರುವಾಗ ಹೆಗಲ ಮೇಲಿನ ಡೆಲ್ಟಾಯ್ಡ್. ಕಾಲುಗಳು ಟೊಂಕದಿಂದ ಬಡಿಯುತ್ತವೆ. ಅವುಗಳ ದೊಡ್ಡ ಉಪಕಾರವೆಂದರೆ ಮೈಯ ಹಿಂಭಾಗ ಮುಳುಗದಂತೆ ಮೇಲೆತ್ತಿ ಹಿಡಿದು ತಡೆಯನ್ನು ತಗ್ಗಿಸುವುದು.

ಬ್ರೆಸ್ಟ್‌ಸ್ಟ್ರೋಕ್, ನಮ್ಮ ಹಳ್ಳಿಗಳ ಮಾತಿನಲ್ಲಿ ಕಪ್ಪೆ ಈಜು, ಈ ಲೆಕ್ಕವನ್ನೇ ತಿರುಗಿಸುತ್ತದೆ. ಅಲ್ಲಿ ಎರಡೂ ಕೈ ಗಲ್ಲದಡಿಯಿಂದ ಒಟ್ಟಿಗೆ ಹೊರಟು ಅಗಲವಾಗಿ ಬಿಡಿಸಿಕೊಂಡು ಮತ್ತೆ ಎದೆಯ ಬಳಿ ಬರುತ್ತವೆ. ಮುಂದೆ ತಳ್ಳುವ ಬಲದಲ್ಲಿ ದೊಡ್ಡ ಪಾಲು ಕಾಲಿನದು. ಮಡಿಸಿದ ಮಂಡಿ ಬಿಚ್ಚಿಕೊಂಡು ತೊಡೆಯ ಮುಂಭಾಗದ ಸ್ನಾಯುಗಳು ಒದೆಯುತ್ತವೆ, ಒಳತೊಡೆಯ ಸ್ನಾಯುಗಳು ಎರಡು ಕಾಲುಗಳನ್ನು ಸೇರಿಸಿ ನೀರನ್ನು ಹಿಂಡುತ್ತವೆ. ಈ ಈಜನ್ನೇ ನೆಚ್ಚಿದವರಿಗೆ ಮಂಡಿಯ ಒಳಬದಿ ನೋಯುವುದು ಇದರಿಂದಲೇ. ಕೈಗಳೂ ಕಾಲುಗಳೂ ಪ್ರತಿ ಸುತ್ತಿನಲ್ಲೂ ನೀರೊಳಗೇ ಮುಂದೆ ಮರಳಬೇಕಾದ್ದರಿಂದ ಮೈ ಒಮ್ಮೆ ನುಗ್ಗುತ್ತದೆ, ಒಮ್ಮೆ ಕುಂಟುತ್ತದೆ. ಕನ್ನಡದಲ್ಲಿ ಮೊಣಕಾಲಿನ ಹಿಂದಿನ ಮಾಂಸಕ್ಕೆ ಮೀನಖಂಡ ಎಂದು ಹೆಸರಿದೆ. ಆಕಾರ ನೋಡಿ ಇಟ್ಟ ಹೆಸರು ಅದು, ಬಲು ಚೆಂದದ ಹೆಸರು. ಆದರೆ ನೀರಿನಲ್ಲಿ ಮನುಷ್ಯನನ್ನು ಮೀನಿನ ಹತ್ತಿರಕ್ಕೆ ಒಯ್ಯುವ ಮಾಂಸ ಮೀನಖಂಡದಲ್ಲಿಲ್ಲ, ಕಂಕುಳ ಹಿಂದಿದೆ.

ಯೂರೋಪಿನಲ್ಲಿ ಈಜಿನ ಬಗ್ಗೆ ಅಚ್ಚಾದ ಮೊದಲ ಪುಸ್ತಕ 1538ರದು, ನಿಕೊಲಾಸ್ ವಿನ್‌ಮನ್ ಲ್ಯಾಟಿನ್‌ನಲ್ಲಿ ಬರೆದದ್ದು. ಇಂಗ್ಲೆಂಡಿನಲ್ಲಿ ಎವರಾರ್ಡ್ ಡಿಗ್ಬಿ 1587ರಲ್ಲಿ ಚಿತ್ರಗಳ ಸಮೇತ ಇನ್ನೊಂದು ಪುಸ್ತಕ ತಂದ. ಡಿಗ್ಬಿ ಕೇಂಬ್ರಿಡ್ಜ್‌ನವನು, ಅದೇ ಕೇಂಬ್ರಿಡ್ಜ್ 1571ರಲ್ಲಿ ವಿದ್ಯಾರ್ಥಿಗಳು ನೀರಿಗಿಳಿದರೆ ಚಾಟಿಯೇಟು ಎಂದು ಕಟ್ಟಪ್ಪಣೆ ಮಾಡಿತ್ತು. ಮುಳುಗಿ ಸಾಯುವವರು ಅಷ್ಟು ಮಂದಿ ಇದ್ದ ಕಾಲದಲ್ಲಿ ಈಜು ಎಂದರೆ ಮೊದಲಿಗೆ ಜೀವ ಉಳಿಸಿಕೊಳ್ಳುವ ಉಪಾಯ. ವೇಗದ ಯೋಚನೆ ಅಲ್ಲಿರಲಿಲ್ಲ. ಡಿಗ್ಬಿಯನ್ನು ಆಧಾರವಾಗಿಟ್ಟುಕೊಂಡು ಮೆಲ್ಕಿಸೆಡೆಕ್ ತೆವೆನೊ ಫ್ರೆಂಚ್‌ನಲ್ಲಿ ಬರೆದ ಪುಸ್ತಕ 1696ರಲ್ಲಿ ಬಂತು. ಅದನ್ನು ಓದಿ ಈಜು ತಿದ್ದಿಕೊಂಡವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಹುಡುಗನಾಗಿದ್ದಾಗ ಫ್ರಾಂಕ್ಲಿನ್ ಚಿತ್ರಕಾರರ ಬಣ್ಣದ ಹಲಗೆಯಂಥ ಎರಡು ಹಲಗೆಗಳನ್ನು ಮಾಡಿ ಅಂಗೈಗೆ ಸಿಕ್ಕಿಸಿಕೊಂಡು ಈಜಿ ನೋಡಿದ್ದ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ಸೋತಿತು ಎಂದು ಅವನೇ ಬರೆದಿದ್ದಾನೆ. ಈ ಚಿಕ್ಕ ಟಿಪ್ಪಣಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಹೆಚ್ಚು ನೀರು ಹಿಡಿದರೆ ಹೆಚ್ಚು ವೇಗ ಎಂಬುದನ್ನೂ, ಆ ಭಾರವನ್ನು ಚಿಕ್ಕ ಸ್ನಾಯುವಿನ ಮೇಲೆ ಹೊರಿಸಿದರೆ ಕೆಲಸ ಕೆಡುತ್ತದೆ ಎಂಬುದನ್ನೂ ಆ ಹುಡುಗ ಕಂಡುಕೊಂಡಿದ್ದ. ಭಾರವನ್ನು ಬೆನ್ನಿಗೆ ದಾಟಿಸುವ ದಾರಿಯೊಂದು ಅವನ ಎದುರಿಗೆ ಇರಲಿಲ್ಲ.

ಕಪ್ಪೆ ಈಜನ್ನು ಯೂರೋಪಿನ ಶಾಸ್ತ್ರವನ್ನಾಗಿ ಮಾಡಿದ್ದು ಸೈನ್ಯ. ಜರ್ಮನಿಯ ಗುಟ್ಸ್‌ಮುಟ್ಸ್ 1798ರಲ್ಲಿ ಈಜಿನ ಕೈಪಿಡಿ ಬರೆದು, ನೀರಿಗಿಳಿಸುವ ಮೊದಲು ನೆಲದ ಮೇಲೆ ಕೈಕಾಲುಗಳಿಗೆ ಪಾಠ ಹೇಳಬೇಕೆಂದ. ಪ್ರಷ್ಯದ ಸೇನಾನಿ ಅರ್ನ್‌ಸ್ಟ್ ಫಾನ್ ಪ್ಫುಯೆಲ್ 1817ರಲ್ಲಿ ಬರ್ಲಿನ್‌ನಲ್ಲಿ ಸೈನಿಕರ ಈಜುಶಾಲೆ ತೆರೆದ. ಕಲಿಯುವವನ ನಡುವಿಗೆ ಪಟ್ಟಿ ಕಟ್ಟಿ ಹಗ್ಗದಲ್ಲಿ ತೂಗುಬಿಟ್ಟು, ಅಂಕಿ ಎಣಿಸುತ್ತ ಕೈ ಬಿಡಿಸು, ಕಾಲು ಮಡಿಸು, ಒದೆ ಎಂದು ಕವಾಯತಿನಂತೆ ಕಲಿಸುವ ಪದ್ಧತಿ ಅಲ್ಲಿಂದ ಹಬ್ಬಿತು. ಸೈನಿಕನಿಗೆ ಕಪ್ಪೆ ಈಜೇ ತಕ್ಕದ್ದು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ತಲೆ ನೀರಿನ ಮೇಲಿರುತ್ತದೆ, ಎದುರಿನ ದಡ ಕಾಣುತ್ತದೆ, ಸದ್ದಾಗುವುದಿಲ್ಲ, ಉಸಿರಿಗೆ ತೊಡಕಿಲ್ಲ, ಬಟ್ಟೆ ತೊಟ್ಟೂ ಈಜಬಹುದು. ಎಣಿಕೆಗೆ ಹೊಂದುವುದರಿಂದ ನೂರು ಜನಕ್ಕೆ ಒಟ್ಟಿಗೆ ಕಲಿಸಲೂಬಹುದು. ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ಸೈನ್ಯದ ಅನುಕೂಲಕ್ಕೆ ಆರಿಸಿದ ಈಜು ಕಾಲಕ್ರಮದಲ್ಲಿ ಮನುಷ್ಯನ ಮೈಗೆ ಸಹಜವಾದ ಈಜು ಎಂಬ ಹೆಸರು ಪಡೆಯಿತು; ಉಳಿದವರ ಈಜು ಕಾಡುತನದ ಲೆಕ್ಕಕ್ಕೆ ಬಿತ್ತು. ತಪ್ಪಾದದ್ದು ಅಲ್ಲಿ. 1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ 21 ಗಂಟೆ 45 ನಿಮಿಷದಲ್ಲಿ ದಾಟಿದಾಗ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ವೆಬ್‌ನ ಸಹನೆ ಅಸಾಧಾರಣವಾದದ್ದು, ಅನುಮಾನವಿಲ್ಲ. ಅವನ ಗೆಲುವು ಅವನ ಮೈಯ ತಾಳಿಕೆಗೆ ಸಾಕ್ಷಿ. ಅವನ ಈಜಿನ ಬಗೆಗೆ ಅದನ್ನೇ ಸಾಕ್ಷಿ ಮಾಡಲಾಗದು.

ಈಜನ್ನು ಸ್ನಾಯುಗಳ ವ್ಯಾಯಾಮವೆಂದು ನೋಡುವ ಕಣ್ಣು ಬೇರೆ ನಾಡುಗಳಿಗೆ ಹೊಸದಾಗಿರಲಿಲ್ಲ. ಇದಕ್ಕೆ ಕನ್ನಡ ನೆಲದಲ್ಲೇ ಒಂದು ಸಾಕ್ಷಿ ಇದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸ ಜಟ್ಟಿಗಳ ಸಾಧನೆಯನ್ನು ವಿವರಿಸುವಾಗ ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ಕಂಬದ ಶ್ರಮ ಇವುಗಳ ಸಾಲಿನಲ್ಲಿ ಸಲಿಲಶ್ರಮವನ್ನು, ಅಂದರೆ ನೀರಿನ ಶ್ರಮವನ್ನು, ಬೇರೆಯಾಗಿ ಹೆಸರಿಸುತ್ತದೆ. ರಾಜರ ಜಲಕ್ರೀಡೆ ಬೇರೆ ವಿಷಯ. ಜಟ್ಟಿಯ ಮೈ ಕಟ್ಟಲು ನೀರು ಬೇಕು ಎಂಬ ತಿಳಿವು ಬೇರೆ. ಗರಡಿ ಮನೆಯ ಲೋಕಕ್ಕೆ ತೋಳು, ಹೆಗಲು, ಬೆನ್ನುಗಳ ಬಲವೇ ಮುಖ್ಯವಾಗಿದ್ದ ಕಡೆ ನೀರನ್ನೂ ಒಂದು ಸಾಧನವೆಂದು ಎಣಿಸಿದ್ದು ಸಣ್ಣ ಮಾತಲ್ಲ. ಇದರಿಂದ ಚಾಲುಕ್ಯರ ಕಾಲದ ಜಟ್ಟಿಗಳು ಫ್ರೀಸ್ಟೈಲ್ ಈಜುತ್ತಿದ್ದರು ಎಂದು ಹೇಳಿದರೆ ಅದು ಅತಿಯಾಗುತ್ತದೆ; ಆ ಮಾತು ನನ್ನದಲ್ಲ.

ತೋಳಿನ ಈಜಿಗೆ ನೇರ ಸಾಕ್ಷಿಗಳು ಬೇರೆ ಕಡೆ ಇವೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಅಸ್ಸೀರಿಯದ ನಿಮ್ರುದ್ ಅರಮನೆಯ ಕ್ರಿ.ಪೂ. 9ನೇ ಶತಮಾನದ ಉಬ್ಬುಶಿಲ್ಪದಲ್ಲಿ ನದಿ ದಾಟಿ ತಪ್ಪಿಸಿಕೊಳ್ಳುವವರಿದ್ದಾರೆ. ಗಾಳಿ ತುಂಬಿದ ತೊಗಲಿನ ಚೀಲದ ಮೇಲೆ ಮಲಗಿ ಹೋಗುವವರ ಜೊತೆಗೆ, ಒಂದು ಕೈ ಮುಂದೆ ಒಂದು ಕೈ ಹಿಂದೆ ಮಾಡಿ ಬರಿಮೈಯ ಬಲದಿಂದ ಈಜುವವನನ್ನೂ ಶಿಲ್ಪಿ ಕೆತ್ತಿದ್ದಾನೆ. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ 1600ರ ಆಸುಪಾಸಿನಿಂದ ಹೋದ ಯೂರೋಪಿನ ವ್ಯಾಪಾರಿಗಳು ಅಲ್ಲಿನವರು ತಮಗಿಂತ ಎಷ್ಟೋ ಚೆನ್ನಾಗಿ ಈಜುತ್ತಾರೆಂದೂ, ತಮ್ಮಂತೆ ಕಪ್ಪೆಯ ಹಾಗೆ ಎರಡು ಕೈಗಳನ್ನು ಒಟ್ಟಿಗೆ ಚಾಚದೆ ಒಂದಾದ ಮೇಲೊಂದು ತೋಳು ಬೀಸುತ್ತಾರೆಂದೂ ಬರೆದಿದ್ದಾರೆ. ಇವೆಲ್ಲಕ್ಕಿಂತ ಸ್ಪಷ್ಟವಾದದ್ದು ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್‌ನ ಬರಹ. 1832ರಲ್ಲಿ ಮಿಸೌರಿ ನದಿಯ ಮೇಲ್ಭಾಗದಲ್ಲಿ ಮಂಡನ್ ಜನರ ನಡುವೆ ಇದ್ದ ಅವನು ಅವರ ಈಜನ್ನು ಸ್ನಾಯುಗಳ ಭಾಷೆಯಲ್ಲೇ ವರ್ಣಿಸುತ್ತಾನೆ. ಬಿಳಿಯರ ಈಜಿನಲ್ಲಿ ಕೈಗಳು ಒಟ್ಟಿಗೆ ಹೊರಕ್ಕೆ ಬಿಡಿಸಿಕೊಳ್ಳುವುದರಿಂದ ಎದೆಗೆ ಬಲವಾದ ಎಳೆತ ಬೀಳುತ್ತದೆ. ಮಂಡನರು ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ, ಒಂದು ತೋಳನ್ನು ಪೂರ್ತಿ ನೀರಿನಿಂದೆತ್ತಿ ಮುಂದೆ ಚಾಚುತ್ತಾರೆ, ಮೈಯ ಭಾರವೂ ಬಲವೂ ಅಡಿಯಲ್ಲಿ ಸಾಗುವ ಇನ್ನೊಂದು ತೋಳಿನ ಮೇಲೆ ಬಿದ್ದು ಅದು ಹುಟ್ಟಿನಂತೆ ದುಡಿಯುತ್ತದೆ ಎಂಬುದು ಅವನ ಮಾತಿನ ಸಾರ. ಮೈಯ ಹೊರಳು, ಉದ್ದ ಚಾಚು, ಬೆನ್ನಿನ ಬಲದ ಸೆಳೆತ, ಇಂದು ತರಬೇತುದಾರರು ಹೇಳಿಕೊಡುವ ಮೂರೂ ಅಂಶಗಳು ಅಲ್ಲಿವೆ. ಆ ಮಂಡನರ ಹಳ್ಳಿಗಳಿಗೆ 1837ರಲ್ಲಿ ಸಿಡುಬು ಹೊಕ್ಕಿತು. ಸಾವಿರಕ್ಕೂ ಹೆಚ್ಚು ಜನರಿದ್ದ ಕಡೆ ನೂರೋ ಇನ್ನೂರೋ ಮಂದಿ ಉಳಿದರು. ನದಿಯಲ್ಲಿ ಹಾಗೆ ಈಜಲು ಮಕ್ಕಳಿಗೆ ಕಲಿಸಿದ್ದ ತಾಯಂದಿರಲ್ಲಿ ಬಹುಪಾಲು ಜನ ಆ ಒಂದೇ ವರ್ಷದಲ್ಲಿ ಹೋದರು.

ಕ್ಯಾಟ್ಲಿನ್ ಮೂಲನಿವಾಸಿಗಳನ್ನು ಮೆಚ್ಚಿ ಬರೆಯುವವನು, ಅವನ ಮಾತನ್ನು ಹೇಗೆ ನಂಬುವುದು ಎಂದು ಕೇಳಬಹುದು. ಆಫ್ರಿಕದ ಬಗ್ಗೆ ಬರೆದವರಲ್ಲಿ ಮನುಷ್ಯರನ್ನು ಕೊಂಡು ಮಾರುವವರೂ ಇದ್ದರು. ಅವರಿಗೆ ಹೊಗಳುವ ಉದ್ದೇಶವೇ ಇರಲಿಲ್ಲ. ಆದರೂ ಕಂಡದ್ದು ಒಂದೇ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. 1844ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈ ಹೋಬರ್ನ್ ಸ್ನಾನಗೃಹದ ಕೊಳದಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಜನಾಂಗದ ಇಬ್ಬರು, ಇಂಗ್ಲಿಷಿನಲ್ಲಿ ಫ್ಲೈಯಿಂಗ್ ಗಲ್ ಮತ್ತು ಟೊಬ್ಯಾಕೊ ಎಂದು ಹೆಸರಾದವರು, ಪಂದ್ಯವಾಡಿದರು. ಗೆದ್ದವನು 130 ಅಡಿಯನ್ನು 30 ಸೆಕೆಂಡಿನಲ್ಲಿ ಮುಗಿಸಿದ. ಆಮೇಲೆ ಕೆನ್ವರ್ಥಿ ಎಂಬ ಇಂಗ್ಲಿಷ್ ಈಜುಗಾರ ಅವರನ್ನು ಸುಲಭವಾಗಿ ಸೋಲಿಸಿದ. ಪತ್ರಿಕೆಗಳು ಆ ಅತಿಥಿಗಳು ಗಾಳಿಗಿರಣಿಯ ರೆಕ್ಕೆಯಂತೆ ಕೈ ಬಡಿದರೆಂದೂ, ಅದು ಯೂರೋಪಿನ ರೀತಿಯೇ ಅಲ್ಲವೆಂದೂ ಬರೆದವು. ಸೋಲನ್ನು ನಾನು ಮುಚ್ಚಿಡುವುದಿಲ್ಲ. ಆದರೆ ದೂರದಿಂದ ಬಂದು ಪ್ರದರ್ಶನಗಳಲ್ಲಿ ದಿನ ಕಳೆಯುತ್ತಿದ್ದ ಇಬ್ಬರು, ಕೊಳದಲ್ಲೇ ಪಳಗಿದ ಪಂದ್ಯಗಾರನೊಬ್ಬ, ಒಂದು ದಿನದ ಪಂದ್ಯ: ಇಷ್ಟರಿಂದ ಎರಡು ಈಜುಗಳ ಯೋಗ್ಯತೆ ತೀರ್ಮಾನವಾಗದು. ಲಂಡನ್ ಅಂದು ನೋಡಿದ್ದು ಫಲಿತಾಂಶವನ್ನು. ತೋಳಿನ ಚಲನೆಯನ್ನು ಕುತೂಹಲದಿಂದ ನೋಡುವವರಿದ್ದಿದ್ದರೆ ಮುಂದಿನ ಅರವತ್ತು ವರ್ಷ ಉಳಿಯುತ್ತಿತ್ತು.

ಆ ಅರವತ್ತು ವರ್ಷಗಳ ಕತೆ ಚಿಕ್ಕದು. ಜಾನ್ ಟ್ರಜೆನ್ 1873ರಲ್ಲಿ ಇಂಗ್ಲೆಂಡಿನಲ್ಲಿ ಎರಡೂ ತೋಳುಗಳನ್ನು ಸರದಿಯಂತೆ ನೀರಿನ ಮೇಲಿಂದ ಬೀಸಿ ಈಜಿ ಬೆರಗುಗೊಳಿಸಿದ. ಅದನ್ನು ಅವನು ದಕ್ಷಿಣ ಅಮೆರಿಕದಲ್ಲಿ ಕಲಿತನೆಂದು ಹೇಳುತ್ತಾರೆ. ಕಾಲಿನದು ಮಾತ್ರ ಹಳೆಯ ಒದೆತ. ಮೇಲೆ ಹೊಸ ತೋಳು, ಕೆಳಗೆ ಹಳೆಯ ಕಾಲು. ಕಾಲನ್ನೂ ಬದಲಿಸಿದ್ದು ಸಿಡ್ನಿ. ಸೊಲೊಮನ್ ದ್ವೀಪಗಳ ರೊವಿಯಾನದಿಂದ ಬಂದ ಹುಡುಗ ಅಲಿಕ್ ವಿಕ್‌ಹ್ಯಾಮ್ ತನ್ನ ಊರಿನವರು ಈಜುವಂತೆ ನೇರ ಕಾಲು ಬಡಿಯುತ್ತ ಈಜಿದ್ದನ್ನು ಅಲ್ಲಿನವರು ಕಂಡರು. ಕ್ಯಾವಿಲ್ ಮನೆತನದ ಈಜುಗಾರರು ಅದನ್ನು ಪಂದ್ಯಕ್ಕೆ ತಂದು 1902ರಲ್ಲಿ ಇಂಗ್ಲೆಂಡಿಗೂ ಒಯ್ದರು. ನಾವು ಫ್ರೀಸ್ಟೈಲ್ ಎನ್ನುವ ಈ ಈಜಿಗೆ ಆಸ್ಟ್ರೇಲಿಯನ್ ಕ್ರಾಲ್ ಎಂಬ ಹೆಸರು ಬಿತ್ತು. ಹವಾಯಿಯ ಡ್ಯೂಕ್ ಕಹನಮೊಕು 1911ರಲ್ಲಿ ಹೊನೊಲುಲು ಬಂದರಿನಲ್ಲಿ 100 ಗಜದ ವಿಶ್ವದಾಖಲೆಗಿಂತ 4 ಸೆಕೆಂಡಿಗೂ ಹೆಚ್ಚು ಬೇಗ ಈಜಿದಾಗ ಅಮೆರಿಕದ ಅಧಿಕಾರಿಗಳು ನಂಬಲಿಲ್ಲ, ದಾಖಲೆಯನ್ನು ಒಪ್ಪಲಿಲ್ಲ. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಅವನದಾಯಿತು. ಜಾನಿ ವೈಸ್‌ಮುಲ್ಲರ್ 1922ರಲ್ಲಿ ಅದೇ ದೂರವನ್ನು 58.6 ಸೆಕೆಂಡಿನಲ್ಲಿ ಈಜಿ ನಿಮಿಷದ ಗೋಡೆ ದಾಟಿದ. ಇನ್ನು 1926ರ ಆಗಸ್ಟ್ 6ರಂದು ಇಪ್ಪತ್ತು ವರ್ಷದ ಗರ್ಟ್ರೂಡ್ ಎಡರ್ಲೆ ಇಂಗ್ಲಿಷ್ ಕಡಲ್ಗಾಲುವೆಯನ್ನು ಕ್ರಾಲ್‌ನಲ್ಲಿ ಸುಮಾರು ಹದಿನಾಲ್ಕೂವರೆ ಗಂಟೆಗೆ ದಾಟಿದಳು. ಅಲ್ಲಿಯವರೆಗೆ ದಾಟಿದ್ದ ಎಲ್ಲ ಗಂಡಸರಿಗಿಂತ ಬೇಗ, ವೆಬ್‌ಗಿಂತ ಏಳು ಗಂಟೆ ಬೇಗ. ಕ್ರಾಲ್ ಚಿಕ್ಕ ದೂರಕ್ಕೆ ಮಾತ್ರ, ಅದು ಬೇಗ ದಣಿಸುತ್ತದೆ ಎಂಬ ಕೊನೆಯ ಆಕ್ಷೇಪ ಅಲ್ಲಿಗೆ ಮುಗಿಯಿತು.

ವಿಜ್ಞಾನ ಬಂದದ್ದು ಇವೆಲ್ಲ ಆದ ಮೇಲೆ. ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪೀಟರ್ ಕಾರ್ಪೊವಿಚ್ 1930ರ ದಶಕದಲ್ಲಿ ಕ್ರಾಲ್‌ನ ನೂಕುಬಲವನ್ನು ಅಳೆದು, ಒಳ್ಳೆಯ ಈಜುಗಾರರಲ್ಲಿ ಅದರ ನೂರರಲ್ಲಿ ಸುಮಾರು 70 ಪಾಲು ತೋಳಿನಿಂದ, 30 ಪಾಲು ಕಾಲಿನಿಂದ ಬರುತ್ತದೆಂದು ತೋರಿಸಿದ. ಮುಂದಿನ ಅಳತೆಗಳು ತೋಳಿನ ಪಾಲನ್ನು ಇನ್ನೂ ಮೇಲೆ ಒಯ್ದವು. ಕಾಲಿನ ಸ್ನಾಯುಗಳು ದೊಡ್ಡವು, ಆಮ್ಲಜನಕವನ್ನು ಹೇರಳವಾಗಿ ಬಳಸುತ್ತವೆ, ಕೊಡುವ ನೂಕು ಮಾತ್ರ ಕಡಿಮೆ. ದೂರದ ಪಂದ್ಯಗಳವರು ಕಾಲು ಬಡಿತವನ್ನು ಮಿತವಾಗಿಡುವುದು ಇದಕ್ಕೇ. ಸ್ನಾಯು ಬಿಗಿಯುವಾಗ ಹುಟ್ಟುವ ವಿದ್ಯುತ್ತನ್ನು ಚರ್ಮದ ಮೇಲಿಂದ ದಾಖಲಿಸುವ ವಿಧಾನವನ್ನು ಜಪಾನಿನ ಇಕಾಯ್ ಮತ್ತು ಸಂಗಡಿಗರು 1964ರಲ್ಲಿ ಈಜುಗಾರರಿಗೆ ಅನ್ವಯಿಸಿದರು. 1991ರಲ್ಲಿ ಮರಿಲಿನ್ ಪಿಂಕ್, ಜಾಕ್ವೆಲಿನ್ ಪೆರ್ರಿ ಮೊದಲಾದ ಅಮೆರಿಕದ ಸಂಶೋಧಕರು ಫ್ರೀಸ್ಟೈಲ್ ಈಜುವ ಹೆಗಲಿನ ಹನ್ನೆರಡು ಸ್ನಾಯುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸೆಳೆತದ ಹೊತ್ತಿನಲ್ಲಿ ಎದೆಯ ಸ್ನಾಯುವೂ ಬೆನ್ನಿನ ಅಗಲ ಸ್ನಾಯುವೂ ಸರದಿಯಲ್ಲಿ ದುಡಿಯುವುದು ಕಂಡಿತು. ಜೊತೆಗೆ, ಪಕ್ಕೆಲುಬುಗಳ ಮೇಲೆ ಗರಗಸದ ಹಲ್ಲಿನಂತೆ ಕೂತ ಸೆರೇಟಸ್ ಮತ್ತು ಹೆಗಲೆಲುಬಿನ ಒಳಮೈಯ ಸಬ್‌ಸ್ಕ್ಯಾಪುಲಾರಿಸ್ ಇಡೀ ಸುತ್ತಿನಲ್ಲಿ ಬಿಡುವಿಲ್ಲದೆ ಕೆಲಸ ಮಾಡುತ್ತವೆಂದೂ, ದಣಿದು ಹೆಗಲ ನೋವಿಗೆ ದಾರಿಮಾಡುವುದು ಅವೇ ಎಂದೂ ಗೊತ್ತಾಯಿತು. ಪ್ರಯೋಗಾಲಯದ ದೊಡ್ಡ ಕೊಡುಗೆ ನನ್ನ ದೃಷ್ಟಿಯಲ್ಲಿ ಇದೇ: ಯಾವ ಸ್ನಾಯು ನೂಕುತ್ತದೆ ಎಂಬುದನ್ನು ಕ್ಯಾಟ್ಲಿನ್ ಬರಿಗಣ್ಣಿಂದಲೇ ಕಂಡಿದ್ದ, ಯಾವುದು ಸದ್ದಿಲ್ಲದೆ ಸೋಲುತ್ತದೆ ಎಂಬುದು ಕಾಣಲು ಯಂತ್ರ ಬೇಕಾಯಿತು.

ಹಾಗಾದರೆ ಸಿಡ್ನಿ, ಅಮೆರಿಕ, ಜಪಾನುಗಳ ತರಬೇತುದಾರರ ಪಾಲು ಏನೂ ಇಲ್ಲವೇ? ಬೇಕಾದಷ್ಟಿದೆ. ಮುಖ ನೀರಿಗಿಟ್ಟು ತೋಳಿನ ಲಯಕ್ಕೆ ಸೇರಿಸಿ ಪಕ್ಕಕ್ಕೆ ಉಸಿರೆಳೆಯುವುದನ್ನು ಹದಗೊಳಿಸಿದ್ದು, ಒಂದು ಸುತ್ತಿಗೆ ಆರು ಬಡಿತದ ಕಾಲಿನ ಎಣಿಕೆಯನ್ನು ಬೆಳೆಸಿದ್ದು, ನೀರೊಳಗಿನ ಛಾಯಾಚಿತ್ರ ತೆಗೆದು ಮೊಣಕೈಯ ಕೋನ ತಿದ್ದಿದ್ದು ಅವರು. ಮಂಡನರ ಈಜು ಇಂದಿನ ಒಲಿಂಪಿಕ್ಸ್ ಈಜಲ್ಲ. ಆದರೆ ತೊಲೆ ಯಾರದು, ಕೆತ್ತನೆ ಯಾರದು ಎಂದು ಕೇಳಿದಾಗ ಎರಡಕ್ಕೂ ಹೆಸರು ಹೇಳಬೇಕು. ಕೆತ್ತಿದವರ ಹೆಸರುಗಳು ಕ್ರೀಡಾಚರಿತ್ರೆಯಲ್ಲಿ ದಂಡಿಯಾಗಿವೆ. ತೊಲೆ ತಂದವರಲ್ಲಿ ವಿಕ್‌ಹ್ಯಾಮ್, ಕಹನಮೊಕು ಬಿಟ್ಟರೆ ಉಳಿದವರಲ್ಲಿ ಬಹುಪಾಲು ಮಂದಿಗೆ ಹೆಸರೇ ಇಲ್ಲ.

ಮೊದಲು ಎತ್ತಿದ ಮಾತಿಗೆ ಬರುತ್ತೇನೆ. ಈಜಿನಿಂದ ಎಲ್ಲ ಸ್ನಾಯುಗಳಿಗೂ ವ್ಯಾಯಾಮ ಎನ್ನುವುದು ಸ್ಪರ್ಧೆಗಳಲ್ಲಿರುವ ನಾಲ್ಕೂ ಬಗೆಯ ಈಜನ್ನು ಬೆರೆಸಿ ಈಜುವವರ ಮಟ್ಟಿಗೆ ಸರಿ. ಆ ನಾಲ್ಕು ಬಗೆಗಳು ಕೂಡ ನಿಸರ್ಗ ಕೊಟ್ಟದ್ದಲ್ಲ. ಬಟರ್‌ಫ್ಲೈ ಹುಟ್ಟಿದ್ದು 1930ರ ದಶಕದಲ್ಲಿ, ಬ್ರೆಸ್ಟ್‌ಸ್ಟ್ರೋಕ್‌ನ ಕೈಗಳನ್ನು ನೀರಿನ ಮೇಲಿಂದ ಮುಂದೆ ತರಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲದ್ದನ್ನು ಅಮೆರಿಕದ ಈಜುಗಾರರು ಗಮನಿಸಿದಾಗ. 1952ರಲ್ಲಿ ಅದು ಬೇರೆ ಈಜಾಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಬಂತು. ಬೆನ್ನು, ಹೊಟ್ಟೆ, ಹೆಗಲುಗಳನ್ನು ಅಷ್ಟು ತೀವ್ರವಾಗಿ ಒಟ್ಟಿಗೆ ದುಡಿಸುವ ಈಜೊಂದು ಜಗತ್ತಿಗೆ ಬಂದದ್ದು ನಿಯಮಪುಸ್ತಕದ ಒಂದು ಸಂದಿನಿಂದ. ಇನ್ನೊಂದು ಮಿತಿಯನ್ನೂ ಹೇಳಬೇಕು. ನೀರು ಮೈಯ ಭಾರವನ್ನು ಹೊರುವುದರಿಂದ ಮಂಡಿಗೆ, ಟೊಂಕಕ್ಕೆ ಹಿತ. ಅದೇ ಕಾರಣಕ್ಕೆ ಎಲುಬುಗಳಿಗೆ ಓಟ, ನೆಗೆತ, ಭಾರ ಎತ್ತುವಿಕೆಗಳಿಂದ ಸಿಗುವ ಗಟ್ಟಿತನ ಈಜಿನಿಂದ ಸಿಗದು. ಮಾನಸೋಲ್ಲಾಸ ನೀರಿನ ಶ್ರಮವನ್ನು ಭಾರದ ಶ್ರಮ, ನಡಿಗೆಯ ಶ್ರಮಗಳ ಪಕ್ಕದಲ್ಲಿಟ್ಟಿದ್ದೇ ಸರಿಯಾದ ಜಾಗ.

ನಮ್ಮ ಬಾವಿ, ಕೆರೆ, ಹೊಳೆಗಳಲ್ಲೂ ಇಂಥದೇ ವಿದ್ಯೆಯೊಂದು ಬರಹಕ್ಕೆ ಸಿಗದೆ ಉಳಿದಿದೆ. ಸೊಂಟಕ್ಕೆ ಬೆಂಡು ಅಥವಾ ಒಣಗಿದ ಸೋರೆಬುರುಡೆ ಕಟ್ಟಿ, ದಿನದಿನಕ್ಕೆ ಅದನ್ನು ಕಡಿಮೆ ಮಾಡುತ್ತ ಕಲಿಸುವ ಕ್ರಮದಲ್ಲಿ ಮೈ ತೇಲುವ ಜವಾಬ್ದಾರಿ ಮೊದಲಿಗೆ ಬುರುಡೆಯದು, ತೋಳುಗಳು ಸೆಳೆಯುವುದನ್ನು ಕಲಿಯಲು ಬಿಡುವು ಸಿಗುತ್ತದೆ. ನಗರದ ಕೊಳಗಳಲ್ಲಿ ಮಕ್ಕಳ ಬೆನ್ನಿಗೆ ಕಟ್ಟುವ ಫೋಮ್ ತುಂಡಿನ ತತ್ವವೂ ಇದೇ. ಹೀಗೆ ಕಲಿಸಿದ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಅವರು ಕಲಿಸುತ್ತಿದ್ದ ಈಜುಗಳಿಗೆ ಯಾವ ಹೆಸರುಗಳಿದ್ದವು, ಕೈ ಹೇಗೆ ಬೀಸುತ್ತಿದ್ದರು, ಕಾಲು ಹೇಗೆ ಆಡಿಸುತ್ತಿದ್ದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ದೈಹಿಕ ಶಿಕ್ಷಣದ ಅಧ್ಯಾಪಕರೂ ಜಾನಪದದ ವಿದ್ಯಾರ್ಥಿಗಳೂ ಈಗಲೇ ಕೈಗೆತ್ತಿಕೊಳ್ಳಬೇಕು.

ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಸ್ಪರ್ಧೆಗೆ ಇಂಥದೇ ಈಜು ಎಂಬ ನಿಯಮ ಇಂದಿಗೂ ಇಲ್ಲ. ಕಪ್ಪೆ ಈಜೂ ಸಲ್ಲುತ್ತದೆ, ಬಟರ್‌ಫ್ಲೈ ಕೂಡ ಸಲ್ಲುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಗೆದ್ದವರೆಲ್ಲರೂ ಒಂದಾದ ಮೇಲೊಂದು ತೋಳು ಬೀಸಿಯೇ ಗೆದ್ದಿದ್ದಾರೆ.